ಹ್ಯಾಂಬರ್ಗಿನಲ್ಲಿ ಮಡಚಿದ ಬಾಳೆಲೆ

ಅರಂತೋಡು

ನನ್ನ ಎಡಭುಜದ ಮೇಲೆ ಒಂದು ನಾಣ್ಯದಷ್ಟು ಅಗಲದ ಸುಟ್ಟ ಕಲೆಯಿದೆ. ಎಂಬತ್ತರ ದಶಕದ ಆರಂಭದಲ್ಲಿ ನಾನೂ ನನ್ನ ಗಂಡ ವಿಠಲರೂ ಪಶ್ಚಿಮ ಜರ್ಮನಿಗೆ ಹೋದದ್ದು ಜೇನುಸಾಕಣೆಯ ತರಬೇತಿಗೆ ಎಂದು ಊರಿನವರೆಲ್ಲ ತಿಳಿದಿದ್ದಾರೆ. ಅದು ಸುಳ್ಳಲ್ಲ. ಆದರೆ ಆ ಪ್ರಯಾಣದಲ್ಲಿ ನಾನು ಹುಡುಕಿದ್ದು ಜೇನನ್ನಲ್ಲ, ಈ ಕಲೆಗೆ ಉತ್ತರವನ್ನು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿರುವುದು ಪಶ್ಚಾತ್ತಾಪದಿಂದಲ್ಲ, ಸಂತೋಷದಿಂದ.

ವಿಷಯವನ್ನು ಮೊದಲು ವ್ಯಾಖ್ಯಾನಿಸು, ವಾದ ಆಮೇಲೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ವ್ಯಾಖ್ಯಾನಿಸುತ್ತೇನೆ. ನಾಲಿಗೆಗೆ ಸಿಹಿ, ಹುಳಿ, ಖಾರ, ಒಗರುಗಳಿರುವಂತೆ ಚರ್ಮಕ್ಕೂ ರುಚಿಗಳಿವೆ: ತಂಪು, ಬಿಸಿ, ನವಿರು, ಚುರುಕು, ಬಿಗಿತ. ಪ್ರಾಯಕ್ಕೆ ಬಂದ ಇಬ್ಬರು, ಪರಸ್ಪರ ತಿಳಿದು, ಒಪ್ಪಿ, ಒಬ್ಬರು ಕಣ್ಣು ಮುಚ್ಚಿ ಮತ್ತೊಬ್ಬರ ಕೈಯಿಂದ ಆ ರುಚಿಗಳನ್ನು ಸವಿಯುವುದು ಒಂದು ಆಟ. ನಮಗೆ ಅದರ ಹೆಸರು ಗೊತ್ತಿರಲಿಲ್ಲ. ಹೆಸರಿಲ್ಲದ ವಸ್ತುವನ್ನು ಇಬ್ಬರೇ ಇಟ್ಟುಕೊಂಡಿರುವಾಗ, ಜಗತ್ತಿನಲ್ಲಿ ಅದು ನಮ್ಮ ಮನೆಯಲ್ಲಿ ಮಾತ್ರ ಇರುವುದೆಂಬ ಭಯ ತಾನಾಗಿ ಬರುತ್ತದೆ.

ವಿಠಲರು ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಯ ಅರಂತೋಡಿನಲ್ಲಿ ಜೇನುಪೆಟ್ಟಿಗೆಗಳನ್ನಿಟ್ಟವರು. ನಾನು ಪುತ್ತೂರಿನವಳು, ಮದುವೆಯಾಗಿ ಅಲ್ಲಿಗೆ ಬಂದವಳು. ಹೆಣ್ಣನ್ನು ಕೇಳದೆ ನಿಶ್ಚಯಿಸಿದ ಮದುವೆ ಮದುವೆಯೇ ಅಲ್ಲ ಎಂದು ತಾಲೂಕಿನ ಮಹಿಳಾ ಮಂಡಲಗಳಲ್ಲಿ ಭಾಷಣ ಮಾಡುತ್ತಿದ್ದೆ. ಭಾಷಣಕ್ಕಷ್ಟೇ ನಿಲ್ಲದೆ, ಮದುವೆಮನೆಗಳಲ್ಲಿ ಒಳಕೋಣೆಗೆ ಹೋಗಿ ಮದುಮಗಳನ್ನೇ ನೇರವಾಗಿ, ನಿನಗೆ ಒಪ್ಪಿಗೆ ಉಂಟಾ ಎಂದು ಕೇಳುವುದನ್ನೂ ರೂಢಿಸಿಕೊಂಡಿದ್ದೆ. ಸರೋಜಿನಿಯನ್ನು ಊಟಕ್ಕೆ ಕರೆಯಿರಿ, ಒಳಗೆ ಬಿಡಬೇಡಿ ಎಂದು ಹಿರಿಯರು ತಮಾಷೆ ಮಾಡುತ್ತಿದ್ದರು. ಆ ತಮಾಷೆಯಲ್ಲಿ ತಮಾಷೆ ಸ್ವಲ್ಪವೇ ಇತ್ತು.

ನಮ್ಮ ಆಟ ಆರಂಭವಾದದ್ದು ಜೇನುಪೆಟ್ಟಿಗೆಯ ಬಳಿ. ನನ್ನ ಮಣಿಕಟ್ಟಿನ ಮೇಲೆ ಕುಳಿತ ಜೇನುಹುಳುಗಳನ್ನು ವಿಠಲರು ತಮ್ಮ ಮೃದುವಾದ ಕುಂಚದಿಂದ ಸವರಿ ಸರಿಸಿದರು. ನಾನು ಕಣ್ಣು ಮುಚ್ಚಿ, ಇನ್ನೊಮ್ಮೆ ಎಂದೆ. ಹುಳುಗಳೆಲ್ಲ ಹೋಗಿಯಾಗಿತ್ತು. ಅವರು ನನ್ನ ಮುಖ ನೋಡಿ, ನಕ್ಕು, ಇನ್ನೊಮ್ಮೆ ಸವರಿದರು. ಅಲ್ಲಿಂದ ಕಣ್ಣಿಗೆ ಕಟ್ಟಲು ಹೆಗಲ ವಸ್ತ್ರ, ನಮ್ಮ ಕಡೆಯ ಬೈರಾಸು, ಬಂತು, ಬಾವಿನೀರು ತುಂಬಿದ ಹಿತ್ತಾಳೆಯ ಚೆಂಬು, ತೆಂಗಿನ ಹುರಿ, ಕೋಳಿಪುಕ್ಕ ಬಂದವು. ಕೊಡುವುದು ಅವರಿಗೆ ಎಷ್ಟು ಇಷ್ಟವೋ, ಪಡೆಯುವುದು ನನಗೆ ಅಷ್ಟೇ ಇಷ್ಟ. ನಮ್ಮ ದಾಂಪತ್ಯದ ಅತ್ಯಂತ ಪ್ರಾಮಾಣಿಕ ಗಳಿಗೆಗಳು ಅವು.

ಕೊನೆಗೆ ಮೇಣ ಬಂತು. ಅವರೇ ಕಾಯಿಸಿ ಸೋಸಿದ ಶುದ್ಧ ಜೇನುಮೇಣದ ಬತ್ತಿ. ಶುದ್ಧವಾದದ್ದರಿಂದ ಅಪಾಯವಿರದು ಎಂದು ಇಬ್ಬರೂ ನಂಬಿದ್ದೆವು. ಮೊದಲ ಹನಿ ಬಿದ್ದಾಗ ಸಾಕು ಎಂದೆ. ಇನ್ನೊಂದು ಬಿತ್ತು. ಸಾಕು, ಸಾಕು ಎಂದೆ. ಮತ್ತೊಂದು ಬಿದ್ದು ಚರ್ಮ ಬೆಂದು ನಾನು ಕಿರುಚಿದಾಗಲೇ ಅವರು ಬತ್ತಿಯನ್ನು ಎಸೆದದ್ದು. ಪೇಟೆಯ ವೈದ್ಯರೊಬ್ಬರ ಬಳಿಗೆ ಹೋದೆವು. ನಡೆದದ್ದನ್ನು ನಾನು ನಡೆದಂತೆಯೇ ಹೇಳಿದೆ. ಅವರು ಮದ್ದು ಹಚ್ಚಿ, ವಿಠಲರನ್ನು ಹೊರಗೆ ನಿಲ್ಲಿಸಿ, ನೀವು ತಾಯಿಮನೆಗೆ ಹೋಗುವುದು ಒಳ್ಳೆಯದು ಎಂದರು. ನಾನೇ ಇಷ್ಟಪಟ್ಟದ್ದು ಎಂದಾಗ, ಹಾಗಾದರೆ ನಿಮಗೂ ಕಾಯಿಲೆ ಎಂದರು. ನಾನು ವಾದಿಸಿದೆ, ವಾದದಲ್ಲಿ ಗೆದ್ದೆ ಕೂಡ. ಆದರೆ ಬಾಗಿಲ ಹೊರಗೆ ನಿಂತಿದ್ದವರು ವೈದ್ಯರ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದರು.

"ನನ್ನ ಕೈ ಸರಿ ಇಲ್ಲ ಸರೋಜ," ಎಂದರು ವಿಠಲರು, ಮರಳುವ ಬಸ್ಸಿನಲ್ಲಿ.

ಅಂದಿನಿಂದ ಅವರು ನನ್ನನ್ನು ಮುಟ್ಟಲಿಲ್ಲ. ಕಾಫಿಯ ಲೋಟವನ್ನು ಕೂಡ ಕೈಗೆ ಕೊಡುತ್ತಿರಲಿಲ್ಲ. ಬೆಂಚಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಗಾಯ ಒಣಗಿತು, ಮಳೆಗಾಲ ಬಂದು ಹೋಯಿತು, ಲೋಟ ಬೆಂಚಿನ ಮೇಲೆಯೇ ಉಳಿಯಿತು. ಆ ಹೊತ್ತಿಗೆ ಹ್ಯಾಂಬರ್ಗಿನ ಹತ್ತಿರದ ಒಂದು ಜೇನು ಸಂಶೋಧನಾಲಯದಿಂದ ವಿಠಲರಿಗೆ ಆಹ್ವಾನ ಬಂತು. ಅವರಿಗೆ ಇಂಗ್ಲಿಷು ಕಷ್ಟ. ದುಭಾಷಿಯಾಗಿ ನಾನು ಹೊರಟೆ. ದೊಡ್ಡ ಊರು, ದೊಡ್ಡ ಬಂದರು. ನಮ್ಮಂತಹವರು ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದರೆ ಅಲ್ಲಿ ಇರಬೇಕು ಎಂದು ನಾನು ತರ್ಕಿಸಿದೆ. ಅವರಿಗೆ ಹೇಳಲಿಲ್ಲ.

ಶ್ರೀಮತಿ ಬೆಕರ್ ಅವರ ಊಟದ ಮೇಜು

ವಿದೇಶದಲ್ಲಿ ನಮ್ಮ ಮೊದಲ ಅವಮಾನಕ್ಕೆ ಕಾರಣ ಮಿಡಿ ಉಪ್ಪಿನಕಾಯಿ. ವಿಠಲರ ಏಕೈಕ ಕೋಟಿನ ಒಳಗೆ ಸುತ್ತಿಟ್ಟಿದ್ದ ಬಾಟಲಿ ವಿಮಾನದಲ್ಲಿ ಒಡೆದು, ಕೋಟಿಗೆ ಇಂಗು ಹಿಡಿಯಿತು. ಹ್ಯಾಂಬರ್ಗಿನ ರೈಲಿನಲ್ಲಿ ಆ ಕೋಟು ತೊಟ್ಟು ಕುಳಿತಾಗ ಸುತ್ತಲಿನ ಆಸನಗಳು ಒಂದೊಂದಾಗಿ ಖಾಲಿಯಾದವು. ಒಬ್ಬರೂ ಮೂಗು ಮುಚ್ಚಲಿಲ್ಲ, ಒಬ್ಬರೂ ಗೊಣಗಲಿಲ್ಲ. ನಮ್ಮ ಸುಳ್ಯದ ಬಸ್ಸಾಗಿದ್ದರೆ ಇದು ಯಾರ ಮನೆಯ ಮಿಡಿ, ಯಾವ ಮರದ್ದು ಎಂದು ವಿಚಾರಣೆ ನಡೆದು ಕೊನೆಯ ನಿಲ್ದಾಣದ ತನಕ ಸ್ನೇಹವಾಗುತ್ತಿತ್ತು.

ಎರಡನೆಯ ಕಷ್ಟ ಹಸಿವು. ನಾವು ಉಳಿದದ್ದು ಶ್ರೀಮತಿ ಬೆಕರ್ ಎಂಬ ವಿಧವೆಯ ಮನೆಯಲ್ಲಿ. ಆಕೆ ಬೇಯಿಸಿದ ಬಟಾಟೆಯ ತಟ್ಟೆಯನ್ನು ಹಿಡಿದು ಇನ್ನೂ ಬೇಕೇ ಎಂದು ಕೇಳುವರು. ನಾವು ನಮ್ಮ ಕಡೆಯ ಮರ್ಯಾದೆಯಂತೆ ಸಾಕು ಎನ್ನುವೆವು. ತಟ್ಟೆ ಅಡುಗೆಮನೆಗೆ ಹೋಗಿಬಿಡುವುದು. ಮರುದಿನವೂ ಹಾಗೆಯೇ. ನಮ್ಮಲ್ಲಿ ಅತಿಥಿ ಸಾಕು ಎನ್ನುವುದು ಊಟದ ಮಧ್ಯಭಾಗ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಸುರಿಯುವವನೇ ಒಳ್ಳೆಯ ಆತಿಥೇಯ. ಸಾಕು ಎಂದ ಕೂಡಲೇ ಸೌಟು ಹಿಂದೆಗೆದವನ ಮನೆಯ ಹೆಸರು ಊರಲ್ಲಿ ಹಾಳಾಗುತ್ತದೆ.

"ಈ ಹೆಂಗಸಿಗೆ ಬಡಿಸುವ ಮನಸ್ಸೇ ಇಲ್ಲ ಮಾರಾಯ್ತಿ," ಎಂದು ವಿಠಲರು ಹೊಟ್ಟೆ ಹಿಡಿದುಕೊಂಡು ಹೇಳಿದರು.

ಆಕೆಗೆ ಮನಸ್ಸಿಲ್ಲದ್ದಲ್ಲ, ಆಕೆ ನಮ್ಮ ಮಾತನ್ನು ನಂಬುತ್ತಿದ್ದಾರೆ ಎಂದು ನನಗೆ ಹೊಳೆಯಲು ಕೆಲವು ಊಟಗಳು ಬೇಕಾದವು. ಆಮೇಲೆ ಮೊದಲ ಸಲಕ್ಕೇ ಬೇಕು ಎನ್ನಲು ಕಲಿತೆವು. ವಿಠಲರಿಗೆ ಹಾಗೆನ್ನುವಾಗ ಕಿವಿ ಕೆಂಪಾಗುತ್ತಿತ್ತು. ಈ ಬಟಾಟೆಯ ಪಾಠ ಮುಂದೆ ಎಷ್ಟು ದೊಡ್ಡದಾಗಲಿದೆ ಎಂದು ಆಗ ನಮಗೆ ತಿಳಿದಿರಲಿಲ್ಲ.

ಪುಸ್ತಕದಂಗಡಿ

ಹೆಂಗಸರೇ ನಡೆಸುವ ಒಂದು ಪುಸ್ತಕದಂಗಡಿ ಆ ಊರಿನಲ್ಲಿತ್ತು. ಎಂತಹ ಪ್ರಶ್ನೆಯನ್ನೂ ಅಲ್ಲಿ ಕೇಳಬಹುದು ಎಂದು ಸಂಶೋಧನಾಲಯದ ಒಬ್ಬಳು ಹುಡುಗಿ ಹೇಳಿದ್ದಳು. ವಿಠಲರು ಹುಳುಗಳ ನಡುವೆ ಇದ್ದ ಒಂದು ಬೆಳಗ್ಗೆ ನಾನು ಒಬ್ಬಳೇ ಹೋದೆ. ಹಿಂದಿನ ದಿನವೇ ವಾದವನ್ನು ಸಿದ್ಧಪಡಿಸಿದ್ದೆ: ಪೀಠಿಕೆ, ಮಂಡನೆ, ಸಂಭವನೀಯ ಆಕ್ಷೇಪಗಳಿಗೆ ಉತ್ತರ, ಸಮಾರೋಪ. ವ್ಯಕ್ತಿಸ್ವಾತಂತ್ರ್ಯದಿಂದ ಆರಂಭಿಸಿ, ದೇಹದ ಮೇಲೆ ದೇಹಧಾರಿಯ ಹಕ್ಕನ್ನು ಸ್ಥಾಪಿಸಿ, ಒಪ್ಪಿಗೆಯಿಂದ ಕೊಟ್ಟ ಚುರುಕಿಗೂ ಹಿಂಸೆಗೂ ಇರುವ ಭೇದವನ್ನು ನಿರೂಪಿಸಿದೆ. ಕೌಂಟರಿನ ಹಿಂದೆ ನರೆತ ಕೂದಲಿನ ಹೆಂಗಸು ಪುಸ್ತಕಗಳಿಗೆ ಬೆಲೆಚೀಟಿ ಅಂಟಿಸುತ್ತ ತಾಳ್ಮೆಯಿಂದ ಕೇಳಿದಳು. ನಾನು ಮೊದಲನೆಯ ಆಕ್ಷೇಪಕ್ಕೆ ಉತ್ತರ ಕೊಡಲು ಉಸಿರೆಳೆದುಕೊಂಡಾಗ ಅವಳು ಹೇಳಿದಳು: ಭಾನುವಾರ ಮಧ್ಯಾಹ್ನ, ಕಾಲುವೆಯ ಬದಿಯ ಸೈಕಲ್ ರಿಪೇರಿ ಅಂಗಡಿಯ ಮಾಳಿಗೆ, ಇಂಗ್ರಿಡ್ ಎಂಬವರನ್ನು ಕೇಳಿ, ಮೆಟ್ಟಿಲು ಕಡಿದು, ಜಾಗ್ರತೆ.

ಎದುರುಪಕ್ಷವೇ ಇಲ್ಲದ ಚರ್ಚೆಯಲ್ಲಿ ನಾನು ಅದುವರೆಗೆ ಭಾಗವಹಿಸಿರಲಿಲ್ಲ. ಉಳಿದ ವಾದವನ್ನು ಕಾಲುವೆಯ ದಂಡೆಯಲ್ಲಿ ಬಾತುಕೋಳಿಗಳಿಗೆ ಒಪ್ಪಿಸಿ ಮನೆಗೆ ಬಂದೆ.

ವಿಠಲರಿಗೆ ಹೇಳುವುದು ಹೆಚ್ಚು ಕಷ್ಟವಾಯಿತು. ಅಲ್ಲಿಗೆ ಹೋದರೆ ತನ್ನ ಕೈಯ ಕಾಯಿಲೆ ಹೆಚ್ಚಾಗಬಹುದು ಎಂಬುದು ಅವರ ಹೆದರಿಕೆ. ಅದು ಕಾಯಿಲೆಯೋ ಅಲ್ಲವೋ ಎಂದು ತಿಳಿದವರನ್ನು ಕೇಳೋಣ ಎಂದು ನಾನು ಹೇಳಿದೆ. ಅವರು ಕಾಯಿಲೆ ಎಂದರೆ ನಾನು ಇನ್ನೆಂದೂ ಈ ವಿಷಯ ಎತ್ತುವುದಿಲ್ಲ, ಲೋಟವನ್ನು ಬೆಂಚಿನಿಂದಲೇ ಎತ್ತಿಕೊಳ್ಳುತ್ತೇನೆ ಎಂದೆ. ಲೋಟದ ಮಾತು ಅವರಿಗೆ ತಾಗಿತು. ನಾನು ಗಮನಿಸಿಲ್ಲ ಎಂದು ತಿಳಿದಿದ್ದರು.

ಸೈಕಲ್ ಅಂಗಡಿಯ ಮಾಳಿಗೆ

ಸುಳ್ಳು ಹೆಸರುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಮೆಟ್ಟಿಲು ಹತ್ತಿದೆವು. ನಾನು ಊಹಿಸಿದ್ದು ಕತ್ತಲೆ. ಕಂಡದ್ದು ದೊಡ್ಡ ಕಿಟಕಿಗಳ, ಕಾಫಿಯ ಪರಿಮಳದ, ಬಾಗಿಲಲ್ಲಿ ಬೂಟುಗಳನ್ನು ಸಾಲಾಗಿ ಬಿಟ್ಟ ಕೋಣೆ. ನಮ್ಮ ಮಹಿಳಾ ಮಂಡಲದ ಸಭೆಯಷ್ಟೇ ಸಾಧುವಾಗಿ ಉಣ್ಣೆಯ ಕಾಲುಚೀಲ ತೊಟ್ಟ ಜನ ಸುತ್ತ ಕುಳಿತಿದ್ದರು. ಚರ್ಮದ ಕೋಟು ತೊಟ್ಟ ಭಾರೀ ಆಳೊಬ್ಬ ಇದ್ದದ್ದು ನಿಜ. ಅವನು ಮೂಲೆಯಲ್ಲಿ ಸೇಬಿನ ಕೇಕನ್ನು ಸಮನಾದ ತುಂಡುಗಳಾಗಿ ಕತ್ತರಿಸುತ್ತಿದ್ದ. ಆದರೂ ವಿಠಲರ ಧೈರ್ಯ ಬಾಗಿಲಲ್ಲೇ ಕುಸಿಯಿತು.

"ಹೋಗುವ ಮಾರಾಯ್ತಿ," ಎಂದು ಪಿಸುಗುಟ್ಟಿದರು, "ಇಲ್ಲಿ ನಮಗೆ ಎಂತ ಉಂಟು?"

"ಕಾಫಿ ಉಂಟು," ಎಂದಿತು ಒಳಗಿನಿಂದ ಒಂದು ಧ್ವನಿ. "ಕುಡಿದು ಹೋಗಿ ಮಾರಾಯ್ರೆ."

ಸ್ಟವ್ವಿನ ಬಳಿ, ಕಾರ್ಡಿಗನ್ನಿನ ಮೇಲೆ ಸೆರಗು ಹೊದ್ದ, ನಮ್ಮದೇ ಮೈಬಣ್ಣದ ಹೆಂಗಸು ಕಾಫಿಪಾತ್ರೆ ಹಿಡಿದು ನಿಂತಿದ್ದಳು. ಆ ಕ್ಷಣ ನೆಲ ಬಿರಿದು ನಮ್ಮನ್ನು ನುಂಗಿದ್ದರೆ ಆಕ್ಷೇಪಿಸುತ್ತಿರಲಿಲ್ಲ. ಅವಳ ಮುಖವೂ ಬಿಳಿಚಿತ್ತು. ಮಾತು ಬಾಯಿಂದ ತಪ್ಪಿ ಬಂದ ಮೇಲೆ ಅವಳಿಗೂ ನಮ್ಮಷ್ಟೇ ಗಾಬರಿ. ಏಲಿಯಮ್ಮ ಎಂದು ಹೆಸರು. ಹ್ಯಾಂಬರ್ಗಿನ ಒಂದು ಆಸ್ಪತ್ರೆಯಲ್ಲಿ ನರ್ಸು. ತಂದೆಯವರು ಕೇರಳದಿಂದ ಬಂದು ಕಡಬದಲ್ಲಿ ರಬ್ಬರು ಹಾಕಿದವರು. ಕಡಬ ಎಂದಾಗ ವಿಠಲರು ಗೋಡೆ ಹಿಡಿದುಕೊಂಡರು. ಅವರ ಜೇನುಪೆಟ್ಟಿಗೆಗಳು ಕಡಬದ ಮೂರು ತೋಟಗಳಲ್ಲಿದ್ದವು.

"ನೀವು ಊರಲ್ಲಿ ಹೇಳುದಿಲ್ಲವಾ?" ಎಂದು ಅವರು ಕೇಳಿದರು.

"ನಿಮ್ಮನ್ನು ಎಲ್ಲಿ ಕಂಡದ್ದು ಎಂದು ಕೇಳಿದರೆ ನಾನು ಎಂತ ಹೇಳುದು? ಇಗರ್ಜಿಯಲ್ಲಿ ಎಂದಾ?" ಎಂದಳು ಏಲಿಯಮ್ಮ.

ವಿಠಲರು ಒಂದು ವರ್ಷದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ಸುಳ್ಳು ಹೆಸರುಗಳನ್ನು ಬಳಸುವ ಸಂದರ್ಭವೇ ಬರಲಿಲ್ಲ.

ಆ ಕೂಟವನ್ನು ನಡೆಸುತ್ತಿದ್ದ ಇಂಗ್ರಿಡ್ ನಿವೃತ್ತ ಶಾಲಾಶಿಕ್ಷಕಿ. ಅಲ್ಲಿನ ಪದ್ಧತಿ ನನ್ನನ್ನು ಬೆರಗುಗೊಳಿಸಿತು. ಯಾರೂ ಯಾರನ್ನೂ ಮುಟ್ಟುವ ಮೊದಲು ಇಬ್ಬರೂ ಮೇಜಿನ ಎದುರು ಬದುರು ಕುಳಿತು ಮಾತಾಡಬೇಕು: ಏನು ಬೇಕು, ಏನು ಬೇಡ, ಎಲ್ಲಿ ನೋವಿದೆ, ಹೇಗೆ ತಿಳಿಸುವಿರಿ. ಆಮೇಲೆಯೂ ಮನಸ್ಸು ಬದಲಾದರೆ ಕಾರಣ ಕೊಡಬೇಕಾಗಿಲ್ಲ. ಆಟ ಮುಗಿದ ಮೇಲೆ ಹೊದಿಕೆ ಹೊದಿಸಿ, ನೀರು ಕೊಟ್ಟು, ಪಕ್ಕದಲ್ಲಿ ಕುಳಿತಿರಬೇಕು. ನಾನು ಮದುವೆಮನೆಗಳ ಒಳಕೋಣೆಗಳಲ್ಲಿ ಕಂಡ ಎಷ್ಟೋ ಮದುವಣಗಿತ್ತಿಯರ ನೆನಪಾಯಿತು. ಬದುಕಿಡೀ ಜೊತೆಯಲ್ಲಿರಬೇಕಾದವರಿಗೆ ನಾವು ಕೇಳದ ಪ್ರಶ್ನೆಗಳನ್ನು ಇವರು ಒಂದು ಗರಿಯನ್ನು ತೋಳಿಗೆ ಸೋಕಿಸುವ ಮೊದಲು ಕೇಳುತ್ತಿದ್ದರು. ನಾವೋ ಇವರೋ, ಯಾರು ಸಭ್ಯರು ಎಂಬ ವಿಷಯದ ಮೇಲೆ ಚರ್ಚಾಕೂಟ ಏರ್ಪಟ್ಟರೆ ನಾನು ಯಾವ ಪಕ್ಷದಲ್ಲಿ ನಿಲ್ಲಬೇಕೆಂದು ಆಗಲೇ ನಿರ್ಧಾರವಾಯಿತು.

ನನ್ನ ಭುಜದ ಕತೆಯನ್ನು ಹೇಳಿದೆ. ಕಾಯಿಲೆ ಎಂಬ ಶಬ್ದ ಬಂದಾಗ ಇಂಗ್ರಿಡ್ ತಲೆಯಾಡಿಸಿ, ಒಂದೇ ತಪ್ಪಲ್ಲ, ಎರಡು ತಪ್ಪುಗಳಾಗಿವೆ, ಎರಡೂ ಕಾಯಿಲೆಯಲ್ಲ ಎಂದರು. ಜೇನುಮೇಣ ಬಹಳ ಹೆಚ್ಚಿನ ಶಾಖದಲ್ಲಿ ಕರಗುತ್ತದೆ. ಎಷ್ಟು ಶುದ್ಧವೋ ಅಷ್ಟು ಸುಡುತ್ತದೆ. ಮೈಮೇಲೆ ಅದನ್ನು ಯಾರೂ ಬಳಸಬಾರದು. ಜೇನಿನ ಮನೆಯವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಎಂದು ಚರ್ಮದ ಕೋಟಿನವನು ಸಹಾನುಭೂತಿಯಿಂದ ಹೇಳಿದ. ಎರಡನೆಯದು ಇಂಗ್ರಿಡ್‌ಗೆ ಅರ್ಥವಾಗಲಿಲ್ಲ. ಹೆಂಡತಿ ಸಾಕು ಎಂದಳು, ಅದು ನಿಮಗೆ ಕೇಳಿಸಿತು; ಕೈ ಯಾಕೆ ನಿಲ್ಲಲಿಲ್ಲ? ನಾನು ಅನುವಾದಿಸಿದೆ. ವಿಠಲರು ತಲೆ ತಗ್ಗಿಸಿದರು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ದಿನವೂ ಕೇಳಿಕೊಳ್ಳುತ್ತಿದ್ದರು. ತಾನು ಕ್ರೂರಿ ಎಂಬುದೊಂದೇ ಅವರಿಗೆ ಸಿಕ್ಕಿದ್ದ ಉತ್ತರ.

ಏಲಿಯಮ್ಮ ಎದ್ದು ಹೋಗಿ ಕೇಕಿನ ತಟ್ಟೆ ತಂದು ವಿಠಲರ ಮುಂದೆ ನಿಂತು ಒಂದು ತುಂಡು ಹಾಕಿದಳು. ಇನ್ನೊಂದು ಹಾಕಹೋದಾಗ ಅವರು ಅಭ್ಯಾಸಬಲದಿಂದ, ಸಾಕು ಎಂದು ಕೈ ಅಡ್ಡ ಹಿಡಿದರು. ಅವಳು ಕೈಯನ್ನು ಸರಿಸಿ ಹಾಕಿದಳು. ಸಾಕು ಸಾಕು, ಬೇಡ ಎಂದರು. ಮತ್ತೊಂದು ಬಿತ್ತು. ಅವರು ಅದನ್ನು ತೃಪ್ತಿಯಿಂದ ತಿನ್ನತೊಡಗಿದರು. ಕೋಣೆಯಲ್ಲಿದ್ದ ಜರ್ಮನರು, ಇಂತಹ ಕೋಣೆಗೆ ವರ್ಷಗಳಿಂದ ಬರುತ್ತಿದ್ದವರು, ಬಾಯಿ ಕಳೆದು ನೋಡುತ್ತಿದ್ದರು. ಬೇಡವೆಂದವನ ತಟ್ಟೆಗೆ ಬಲವಂತವಾಗಿ ಕೇಕು ಹಾಕುವುದನ್ನು ಅವರು ಅಷ್ಟರವರೆಗೆ ಎಲ್ಲಿಯೂ ಕಂಡಿರಲಿಲ್ಲ.

"ನಮ್ಮ ಊರಲ್ಲಿ ಹೀಗೆ," ಎಂದಳು ಏಲಿಯಮ್ಮ ಅವರಿಗೆ ಜರ್ಮನಿನಲ್ಲಿ, ಮತ್ತೆ ವಿಠಲರಿಗೆ ಕನ್ನಡದಲ್ಲಿ. "ನಿಮ್ಮ ಕೈ ಕೆಟ್ಟದ್ದಲ್ಲ ಮಾರಾಯ್ರೆ. ಅದು ಬಡಿಸಿ ಅಭ್ಯಾಸವಾದ ಕೈ."

ವಿಠಲರು ತಿನ್ನುವುದನ್ನು ನಿಲ್ಲಿಸಿದರು. ಬಾಯಲ್ಲಿ ಕೇಕು ಇದ್ದಂತೆಯೇ ಅವರ ಕಣ್ಣು ತುಂಬಿತು. ಒಂದು ವರ್ಷದಿಂದ ಎದೆಯಲ್ಲಿಟ್ಟುಕೊಂಡ ಕಲ್ಲು ಅಲ್ಲಿ ಕೆಳಗೆ ಬಿದ್ದದ್ದನ್ನು ನಾನು ಕಂಡೆ. ಹುಟ್ಟಿದಂದಿನಿಂದ ಎಷ್ಟು ಪಂಕ್ತಿಗಳಲ್ಲಿ ಅವರು ಸಾಕು ಎಂಬ ಶಬ್ದವನ್ನು ಮುಂದುವರಿಸು ಎಂದು ಕೇಳಿಸಿಕೊಂಡಿದ್ದರು! ನಾನೂ ಎಷ್ಟು ಪಂಕ್ತಿಗಳಲ್ಲಿ ಅದನ್ನು ಹಾಗೆಯೇ ಹೇಳಿದ್ದೆ! ಒಪ್ಪಿಗೆಯ ಮೇಲೆ ಇಡೀ ತಾಲೂಕಿನಲ್ಲಿ ಭಾಷಣ ಮಾಡಿದವಳ ಬಾಯಲ್ಲಿ, ನಿಲ್ಲಿಸು ಎಂಬುದಕ್ಕೆ ಬಲವಿರುವ ಒಂದು ಮಾತೂ ಇರಲಿಲ್ಲ.

ಹಾಗಾದರೆ ನಿಮ್ಮಲ್ಲಿ ಊಟ ನಿಲ್ಲುವುದಾದರೂ ಹೇಗೆ ಎಂದು ಇಂಗ್ರಿಡ್ ನಿಜವಾದ ಕಾಳಜಿಯಿಂದ ಕೇಳಿದರು. ನಾನು ಯೋಚಿಸುತ್ತಿರುವಾಗಲೇ ವಿಠಲರು ಮೇಜಿನ ಮೇಲಿದ್ದ ಕಾಗದದ ಕರವಸ್ತ್ರವನ್ನು ಬಿಡಿಸಿ ತಮ್ಮ ಮುಂದೆ ಹಾಸಿದರು. ಮೇಲಿನ ಅಂಚನ್ನು ಹಿಡಿದು ನಿಧಾನವಾಗಿ ತಮ್ಮ ಕಡೆಗೆ ಮಡಚಿದರು.

"ಎಲೆ ಮಡಚಿದ ಮೇಲೆ ಯಾರೂ ಬಡಿಸುದಿಲ್ಲ," ಎಂದರು. "ಯಾರೂ ಇಲ್ಲ. ಯಜಮಾನನೇ ಬಂದರೂ ಇಲ್ಲ."

ಹೌದು. ಅನ್ನದ ಪಾತ್ರೆ ಹಿಡಿದವನು ಮಡಚಿದ ಎಲೆಯನ್ನು ಕಂಡರೆ ಮಾತಿಲ್ಲದೆ ಮುಂದಿನವನ ಬಳಿಗೆ ಹೋಗುತ್ತಾನೆ. ಅದನ್ನು ಬಿಚ್ಚಿ ಬಡಿಸಿದವನನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಜಗತ್ತಿನ ಆ ತುದಿಯಲ್ಲಿ ಹುಡುಕಿದ ಬೀಗದ ಕೈ ನಮ್ಮ ಬಾಳೆಲೆಯೊಳಗೇ ಇತ್ತು.

ಅದರ ಮುಂದಿನ ಭಾನುವಾರ ಮತ್ತೆ ಅಲ್ಲಿಗೆ ಹೋದೆವು. ಮೇಜಿನ ಎದುರು ಬದುರು ಕುಳಿತು ಮಾತಾಡಿದೆವು. ಮದುವೆಯಾದ ಮೇಲೆ ಆಡಿದ ಅತ್ಯಂತ ನೇರವಾದ ಮಾತುಗಳವು. ವಿಠಲರು ನನ್ನ ಕಣ್ಣಿಗೆ ಏಲಿಯಮ್ಮನ ಉಣ್ಣೆಯ ಶಾಲು ಕಟ್ಟಿದರು. ತೋಳಿನ ಮೇಲೆ ಮೊದಲು ಬಂದದ್ದು ಬೆರಳಲ್ಲ, ಅರಂತೋಡಿನಿಂದ ತಂದಿದ್ದ ಜೇನಿನ ಕುಂಚ. ಆಮೇಲೆ ಮಂಜುಗಡ್ಡೆಯ ಗೆರೆ, ಒರಟು ಉಣ್ಣೆ, ಒಂದು ಹಣಿಗೆಯ ಹಲ್ಲುಗಳು. ಪ್ರತಿಯೊಂದೂ ಪರಿಚಿತವಾದ ಊರಿಗೆ ಮರಳಿ ಹೋದಂತೆ ಸುಖವಾಗಿತ್ತು. ಆ ಸುಖದ ನಡುವೆ, ಯಾವ ನೋವೂ ಇಲ್ಲದೆ, ನಾನು ಉದ್ದೇಶಪೂರ್ವಕವಾಗಿ ಹೇಳಿದೆ:

"ಎಲೆ ಮಡಚಿದೆ."

ಕೈ ನಿಂತಿತು. ಕೂಡಲೇ, ಗಾಳಿಯಲ್ಲಿ, ಅರ್ಧದಲ್ಲಿ ನಿಂತಿತು. ಶಾಲಿನ ಕತ್ತಲೆಯಲ್ಲಿ ನಾನು ಅವರ ಉಸಿರನ್ನು ಕೇಳುತ್ತಿದ್ದೆ. ಕಾಲೇಜಿನ ವೇದಿಕೆಗಳಲ್ಲಿ ನನಗೆ ಎಷ್ಟೋ ಚಪ್ಪಾಳೆಗಳು ಸಿಕ್ಕಿದ್ದವು. ಆ ನಿಶ್ಶಬ್ದಕ್ಕೆ ಸಮನಾದದ್ದು ಯಾವುದೂ ಇಲ್ಲ. ಸ್ವಲ್ಪ ಹೊತ್ತಿನ ಬಳಿಕ ನಾನು, ಇನ್ನು ಹೊಸ ಎಲೆ ಹಾಕಿ ಎಂದೆ. ಕೋಣೆಯ ಇನ್ನೊಂದು ಬದಿಯಿಂದ ಏಲಿಯಮ್ಮನ ನಗು ಕೇಳಿಸಿತು.

ಮರುದಿನ ಬೆಳಗ್ಗೆ ಶ್ರೀಮತಿ ಬೆಕರ್ ಅವರ ಅಡುಗೆಮನೆಯಲ್ಲಿ ವಿಠಲರು ಕಾಫಿಯ ಬಟ್ಟಲನ್ನು ನನ್ನ ಕೈಗೇ ಕೊಟ್ಟರು.

ಸುಳ್ಯ

ಹೊರಡುವ ದಿನ ರೈಲುನಿಲ್ದಾಣದಲ್ಲಿ ಏಲಿಯಮ್ಮ ಒಂದು ಮಾತು ಹೇಳಿದ್ದಳು. ಕಡಬದಲ್ಲಿ ತಾನು ಒಬ್ಬಳೇ ಎಂದು ಅವಳು ತಿಳಿದಿದ್ದಳು. ಅರಂತೋಡಿನಲ್ಲಿ ನಾವು ಇಬ್ಬರೇ ಎಂದು ನಾವು. ನಡುವೆ ಎರಡೇ ಬಸ್ಸುಗಳ ದಾರಿ. ಹಾಗಿದ್ದ ಮೇಲೆ ಮೂರನೆಯ ಮನೆ ಇರಲೇಬೇಕಲ್ಲವೇ? ತರ್ಕದಲ್ಲಿ ಎಲ್ಲಿಯೂ ದೋಷ ಕಾಣಲಿಲ್ಲ. ಅವಳು ಬರುವ ವರ್ಷ ಕೆಲಸ ಬಿಟ್ಟು ಊರಿಗೆ ಮರಳುವವಳು. ಅಷ್ಟರಲ್ಲಿ ಹುಡುಕಿಟ್ಟಿರಿ ಎಂದು ನನಗೆ ಕೆಲಸ ಕೊಟ್ಟಳು.

ಹುಡುಕುವುದು ಹೇಗೆ? ಸುಳ್ಯದಲ್ಲಿ ಕಾಲುವೆಯ ಬದಿಯ ಮಾಳಿಗೆಯಿಲ್ಲ, ಕೇಳಬಹುದಾದ ಪುಸ್ತಕದಂಗಡಿಯಿಲ್ಲ. ತಪ್ಪು ಕಿವಿಗೆ ಬಿದ್ದರೆ ವಿಠಲರ ಜೇನು ಯಾರೂ ಕೊಳ್ಳಲಾರರು. ನನಗೆ ಗೊತ್ತಿದ್ದದ್ದು ಭಾಷಣವೊಂದೇ. ಮಹಿಳಾ ಮಂಡಲದ ಸಭೆಯಲ್ಲಿ ದಾಂಪತ್ಯದಲ್ಲಿ ಒಪ್ಪಿಗೆ ಎಂಬ ವಿಷಯವನ್ನು ತೆಗೆದುಕೊಂಡೆ. ಜರ್ಮನಿಯ ಮಾಳಿಗೆಯನ್ನು ಹೇಳಲಿಲ್ಲ, ಎಲೆಯನ್ನು ಹೇಳಿದೆ. ಬಾಗಿಲು ಹಾಕಿದ ಕೋಣೆಯಲ್ಲೂ ಎಲೆ ಮಡಚುವ ಹಕ್ಕು ಇಬ್ಬರಿಗೂ ಇರಬೇಕು. ಆ ಹಕ್ಕು ಖಚಿತವಾದ ಮನೆಯಲ್ಲಿ ಯಾವ ರುಚಿಯನ್ನು ಬಡಿಸಿಕೊಂಡರೂ ಅದರಲ್ಲಿ ಪಾಪವಿಲ್ಲ, ಕಾಯಿಲೆಯಿಲ್ಲ ಎಂದೆ. ಕೆಲವರು ಮುಸಿಮುಸಿ ನಕ್ಕರು. ಅಧ್ಯಕ್ಷಿಣಿಯವರು ಭಾಷಣ ಚೆನ್ನಾಗಿತ್ತು, ಊಟದ ವಿಷಯ ಸ್ವಲ್ಪ ಜಾಸ್ತಿಯಾಯಿತು ಎಂದರು.

ಬಸ್‌ಸ್ಟ್ಯಾಂಡಿನ ತನಕ ಒಬ್ಬ ಹೆಂಗಸು ನನ್ನ ಹಿಂದೆಯೇ ಬಂದಳು. ಪಾರ್ವತಿ, ಕಲ್ಲುಗುಂಡಿಯ ಶಾಲೆಯ ಟೀಚರು. ಸಂಪಾಜೆಯ ಬಸ್ಸು ಬಂದು ಹೋಯಿತು, ಅವಳು ಹತ್ತಲಿಲ್ಲ. ಕೊನೆಗೆ, ನೆಲ ನೋಡುತ್ತ, ಬಡಿಸುವವಳು ಹೆಂಗಸಾಗಿ, ಉಣ್ಣುವವನು ಗಂಡಸಾದರೆ ಅದೂ ಸರಿಯಾ ಎಂದು ಕೇಳಿದಳು.

"ಅದೂ ಸರಿಯೇ," ಎಂದೆ. "ಇಬ್ಬರಿಗೂ ಹಸಿವೆ ಉಂಟಾ?"

"ಉಂಟು," ಎಂದಳು ಪಾರ್ವತಿ, ಮತ್ತು ಬಸ್‌ಸ್ಟ್ಯಾಂಡಿನ ನಡುವೆ ನಿಂತು ಸಣ್ಣ ಹುಡುಗಿಯಂತೆ ನಕ್ಕಳು.

ಮೂರನೆಯ ಮನೆ ಸಿಕ್ಕಿತು.

ಕಡಬ

ಏಲಿಯಮ್ಮ ಮರಳಿ ಬಂದ ವರ್ಷ, ಒಂದು ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಅವಳು ಮನೆಗೆ ಬಂದ ಹೊತ್ತಿಗೆ ನಾವೆಲ್ಲ ಕಡಬದಲ್ಲಿ ಸೇರಿದೆವು. ರಬ್ಬರ್ ಶೀಟುಗಳನ್ನು ಒಣಗಿಸುವ ಹೊಗೆಮನೆಯ ಪಕ್ಕದ ಕೋಣೆ. ಇಲ್ಲಿಯೂ ಬಾಗಿಲಲ್ಲಿ ಚಪ್ಪಲಿಗಳ ಸಾಲು, ಇಲ್ಲಿಯೂ ಮೊದಲು ಕಾಫಿ, ಮೊದಲು ಮಾತು. ಪಾರ್ವತಿಯ ಗಂಡ ಕುಶಾಲಪ್ಪ ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸುವವರು. ಅವರ ಮೀಸೆ ಕಂಡರೆ ಎದುರಿನ ಲಾರಿಗಳು ದಾರಿ ಬಿಡುತ್ತವೆ ಎಂದು ಹೆಂಡತಿಯೇ ಛೇಡಿಸುತ್ತಾಳೆ. ಆ ಮೀಸೆಯವರು ನಮ್ಮ ಮುಂದೆ ಕುಳಿತು, ಕಣ್ಣು ಕಟ್ಟಿಸಿಕೊಳ್ಳುವುದು ತನಗೆ ಇಷ್ಟ ಎಂದು ಹೇಳಲು ಮೂರು ಲೋಟ ಕಾಫಿ ಕುಡಿದರು. ಹೇಳಿದ ಮೇಲೆ ಯಾರೂ ನಗದಿದ್ದುದನ್ನು ಕಂಡು ಅವರಿಗೇ ಆಶ್ಚರ್ಯ.

ನಾನು ನಿಯಮಗಳನ್ನು ವಿವರಿಸಿದೆ. ಮೇಣದ ವಿಷಯವನ್ನು ವಿಠಲರು ತಾವೇ ಹೇಳಿ, ನನ್ನ ಒಪ್ಪಿಗೆ ಕೇಳಿ, ನನ್ನ ಭುಜವನ್ನು ತೋರಿಸಿದರು. ಪಾರ್ವತಿಗೆ ಕುಂಚ ಹಿಡಿಯುವುದನ್ನು ಕಲಿಸಿದವರೂ ಅವರೇ: ಹುಳುವಿಗೆ ಪೆಟ್ಟಾಗದ ಹಾಗೆ ಹಿಡಿದರೆ ಸಾಕು ಎಂದರು. ತನ್ನ ಕೈ ಸರಿ ಇಲ್ಲ ಎಂದಿದ್ದ ಮನುಷ್ಯ ಇನ್ನೊಬ್ಬರ ಕೈಯನ್ನು ತಿದ್ದುತ್ತಿದ್ದರು. ನಾನು ಏಲಿಯಮ್ಮನ ಕಡೆ ನೋಡಿದೆ. ಅವಳು ಏನೂ ಅರಿಯದವಳಂತೆ ಕಾಫಿ ಸೋಸುತ್ತಿದ್ದಳು.

ಕುಶಾಲಪ್ಪರ ಕಣ್ಣಿಗೆ ಬೈರಾಸು ಕಟ್ಟಲಾಯಿತು. ಬಾವಿನೀರಿನ ಚೆಂಬು, ಕುಂಚ, ತೆಂಗಿನ ಹುರಿ. ಅವರು ಘಾಟಿಯ ತಿರುವಿನಲ್ಲಿ ಕುಳಿತವರ ಹಾಗೆ ನೆಟ್ಟಗೆ ಕುಳಿತಿದ್ದರು. ಪಾರ್ವತಿಯ ಮುಖದಲ್ಲಿ ನಾನು ಶಾಲೆಯಲ್ಲಾಗಲೀ ಸಭೆಯಲ್ಲಾಗಲೀ ಕಾಣದ ಒಂದು ಏಕಾಗ್ರತೆಯಿತ್ತು. ಹುರಿಯ ಒರಟು ತುದಿ ಬೆನ್ನಿನ ಮೇಲೆ ಇಳಿಯುತ್ತಿದ್ದಾಗ ಕುಶಾಲಪ್ಪರು ಗಂಟಲು ಸರಿಪಡಿಸಿಕೊಂಡರು. ಜನ್ಮದಲ್ಲಿ ಯಾರನ್ನೂ ನಿಲ್ಲಿಸು ಎಂದು ಕೇಳಿಕೊಳ್ಳದ ಗಂಡಸು. ಆ ಮಾತು ಅವರ ಮೀಸೆಯನ್ನು ದಾಟಿ ಬರಲು ಎಷ್ಟು ಕಷ್ಟವಾಯಿತೆಂದು ನಮಗೆಲ್ಲ ಕಂಡಿತು.

"ಎಲೆ ಮಡಚಿದೆ ಮಾರಾಯ್ತಿ."

ಪಾರ್ವತಿಯ ಕೈ ನಿಂತಿತು. ಹೊಗೆಮನೆಯಲ್ಲಿ ಸೌದೆಯ ಚಟಪಟ ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ಕುಶಾಲಪ್ಪರು ಹುರಿ ಇನ್ನೊಮ್ಮೆ ಬರಬಹುದೆಂದು ಕಾದರು, ಬರಲಿಲ್ಲ. ನಿಧಾನವಾಗಿ ಬೈರಾಸನ್ನು ಮೇಲೆ ಸರಿಸಿ ಹೆಂಡತಿಯ ಗಾಳಿಯಲ್ಲಿ ನಿಂತ ಕೈಯನ್ನು ನೋಡಿದರು. ಅವರ ಮುಖದಲ್ಲಿ ನಗು ಹರಡಿತು.

"ಬ್ರೇಕು ಹಿಡಿಯುತ್ತದೆ," ಎಂದರು ನಮಗೆಲ್ಲ. "ಬ್ರೇಕು ಹಿಡಿಯುತ್ತದೆ ಎಂದು ಗೊತ್ತಾದ ಮೇಲೆ ಘಾಟಿ ಇಳಿಯಲಿಕ್ಕೆ ಎಂತ ಹೆದರಿಕೆ?" ಎಂದವರೇ ಬೈರಾಸನ್ನು ತಾವೇ ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡರು.

ಮಧ್ಯಾಹ್ನದ ಊಟಕ್ಕೆ ಕೂತಾಗ ಒಂದು ಸಣ್ಣ ಬಿಕ್ಕಟ್ಟು ಉಂಟಾಯಿತು. ಏಲಿಯಮ್ಮ ಪಾಯಸ ತಂದಳು. ವಿಠಲರು ಮರ್ಯಾದೆಗೆ ಸಾಕು ಎಂದರು. ಅವಳು ನಿಯಮನಿಷ್ಠೆಯಿಂದ ಸೌಟನ್ನು ಹಿಂದೆಗೆದುಕೊಂಡು ಕುಶಾಲಪ್ಪರ ಕಡೆ ನಡೆದಳು. ವಿಠಲರು ಕಂಗಾಲಾಗಿ ನನ್ನ ಮುಖ ನೋಡಿದರು.

"ಆ ನಿಯಮ ಆ ಕೋಣೆಗೆ ಮಾರಾಯ್ರೆ," ಎಂದರು ಏಲಿಯಮ್ಮನಿಗೆ. "ಊಟಕ್ಕಲ್ಲ."

ಏಲಿಯಮ್ಮ ತಿರುಗಿ ಬರುವ ಮೊದಲೇ ನಾನು ಅವಳ ಕೈಯಿಂದ ಸೌಟನ್ನು ತೆಗೆದುಕೊಂಡೆ. ಅವರು ಸಾಕು ಎಂದರು, ನಾನು ಬಡಿಸಿದೆ. ಬೇಡ ಬೇಡ ಎಂದರು, ಬಡಿಸಿದೆ. ಎಲೆಗೆ ಅಡ್ಡ ಹಿಡಿದ ಅವರ ಕೈಯನ್ನು ನಾನು ಹಿಡಿದು ಸರಿಸಿದಾಗ, ಅವರು ಅದನ್ನು ಹಿಂದೆಗೆದುಕೊಳ್ಳಲಿಲ್ಲ. ನನ್ನ ಬೆರಳುಗಳ ಮೇಲೆ ಮುಚ್ಚಿ, ಎಲ್ಲರ ಎದುರು, ಪಾಯಸ ಅಂಚು ಮೀರಿ ಹರಿಯುವ ತನಕ ಹಾಗೆಯೇ ಹಿಡಿದಿದ್ದರು. ಎಲೆಯನ್ನು ಮಡಚಲು ಅವರಿಗೆ ಯಾವ ಅವಸರವೂ ಇರಲಿಲ್ಲ.